ಅಡಿಕೆಯೋ, ತೆಂಗೋ, ಬಗನಿಯೋ? ತಾಳೆ ಮನೆತನದಲ್ಲಿ ನಿಮ್ಮ ಜಮೀನಿಗೆ ಯಾವುದು

ಹೋದ ವರ್ಷ ಮುಂಗಾರಿಗೆ ಮುಂಚೆ ನಮ್ಮ ಅಕ್ಕನ ಮಗ ಫೋನಿನಲ್ಲೇ 30 "ಅರೆಕಾ" ಗಿಡ ಹೇಳಿ ತರಿಸಿದ. ಬೆಂಗಳೂರಿನ ಕೆಲಸ ಬಿಟ್ಟು ಬಾಣಾವರದ ಹತ್ತಿರದ ಎರಡು ಎಕರೆಗೆ ವಾಪಸ್ ಬಂದವನು. ಅಡಿಕೆಗೆ ಇಂಗ್ಲಿಷಿನಲ್ಲಿ ಅರೆಕಾ ಅನ್ನುತ್ತಾರೆ ಅನ್ನುವಷ್ಟು ಗೊತ್ತಿತ್ತು, ಹೇಳಿಬಿಟ್ಟ. ಗಾಡಿ ಬಂದಾಗ ನಾನೂ ಅಲ್ಲೇ ಇದ್ದೆ. ಅಕ್ಕ ಒಂದು ಗಿಡ ಎತ್ತಿ ಬುಡ ನೋಡಿದಳು.

"ಇದೇನೋ ಇದು, ಬುಡದಲ್ಲೇ ಐದಾರು ಮರಿ ಒಡೆದಿದೆ. ಅಡಿಕೆ ಎಲ್ಲಾದರೂ ಬಾಳೆ ಥರ ಮರಿ ಹಾಕುತ್ತಾ?"

ಹಾಕುವುದಿಲ್ಲ. ಬಂದಿದ್ದು 'ಅರೆಕಾ ಪಾಮ್' ಅಂತ ನರ್ಸರಿಗಳಲ್ಲಿ ಸಿಗುವ ಅಲಂಕಾರದ ಗಿಡ. ಮಡಗಾಸ್ಕರ್ ದ್ವೀಪದ್ದು. ಶಾಸ್ತ್ರದ ಹೆಸರು ಈಗ ಕ್ರೈಸಲಿಡೋಕಾರ್ಪಸ್ ಲುಟೆಸೆನ್ಸ್, ಈಚಿನವರೆಗೆ ಡಿಪ್ಸಿಸ್ ಲುಟೆಸೆನ್ಸ್ ಅನ್ನುತ್ತಿದ್ದರು. ನಮ್ಮ ಅಡಿಕೆಯ ಹೆಸರು ಅರೆಕಾ ಕಟೆಚು. ತಮಾಷೆ ಏನೆಂದರೆ ಎರಡೂ ಒಂದೇ ಮನೆತನದವು, ಅದರೊಳಗೆ ಒಂದೇ ಕವಲಿನವು. ದಾಯಾದಿಗಳು. ಒಬ್ಬ ತೋಟದಲ್ಲಿ ದುಡಿಯುತ್ತಾನೆ, ಇನ್ನೊಬ್ಬ ಹಾಲ್‌ನಲ್ಲಿ ಸುಮ್ನೆ ನಿಂತಿರುತ್ತಾನೆ, ಅಷ್ಟೇ.

ಅವತ್ತಿನಿಂದ "ಮಾವ, ಹಾಗಾದರೆ ಏನು ಹಾಕಲಿ?" ಅಂತ ಅವನದು ದಿನಾ ಒಂದು ಫೋನು. ನಮ್ಮ ತೋಟ ಅರಸೀಕೆರೆ ಕಡೆ, ತೆಂಗು. ಹೆಂಡತಿಯ ತವರು ಕೊಪ್ಪ, ಅಡಿಕೆ. ಎರಡರ ಏಟನ್ನೂ ತಿಂದಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆ ವರ್ಷದ ರೇಟು ನೋಡಿ ಗಿಡ ಹಾಕುವವರೇ ಜಾಸ್ತಿ. ನಾನು ಮನೆತನ ನೋಡಿ ಹಾಕಿ ಅನ್ನುವವನು. ಹೆಣ್ಣು ಗಂಡು ನೋಡುವಾಗ ಮಾಡುತ್ತೇವಲ್ಲ, ಹಾಗೆ.

ಈ ಮನೆತನ ಯಾವುದು

ಕುಟುಂಬದ ಹೆಸರು ಅರೆಕೇಸಿ. ಅಡಿಕೆಯಿಂದಲೇ ಬಂದ ಹೆಸರು. ಮಲಯಾಳದ 'ಅಡಯ್ಕ', ನಮ್ಮ 'ಅಡಿಕೆ'ಯ ಒಡಹುಟ್ಟು, ಪೋರ್ಚುಗೀಸರ ಬಾಯಿಗೆ ಸಿಕ್ಕಿ 'ಅರೆಕಾ' ಆಯಿತು. ಲಿನಿಯಸ್ 1753ರಲ್ಲಿ ಗಿಡಗಳಿಗೆ ಹೆಸರಿಡುವಾಗ ಅದನ್ನೇ ಉಳಿಸಿಕೊಂಡ. ಹಳೆಯ ಪುಸ್ತಕಗಳಲ್ಲಿ ಈ ಕುಟುಂಬಕ್ಕೆ 'ಪಾಮೆ' ಅಂತ ಇರುತ್ತದೆ, ಅದೂ ತಪ್ಪಲ್ಲ. ಲಿನಿಯಸ್ ಇವನ್ನೆಲ್ಲ ಸಸ್ಯಲೋಕದ ರಾಜಕುಮಾರರು ಅಂತ ಕರೆದಿದ್ದ. ತೋಟಕ್ಕೆ ನೀರು ಹಾಯಿಸಿದವರಿಗೆ ಆ ಮಾತು ಅರ್ಥವಾಗುತ್ತದೆ!

ಇಡೀ ಕುಟುಂಬದಲ್ಲಿ ಸುಮಾರು 180 ಜಾತಿ, 2600ರಷ್ಟು ಪ್ರಭೇದಗಳಿವೆ. ಎಲ್ಲ ಏಕದಳ ಸಸ್ಯಗಳು. ಭತ್ತ, ಬಿದಿರು, ಬಾಳೆ ಇವಕ್ಕೆ ದೂರದ ನೆಂಟರು. ಕುಟುಂಬವನ್ನು ಈಗ ಐದು ಉಪಕುಟುಂಬ ಮಾಡಿದ್ದಾರೆ. ಅದರಲ್ಲಿ ಎರಡನ್ನು ಮರೆತುಬಿಡಿ. ನೈಪಾ ಅನ್ನುವುದು ಸುಂದರಬನದಂಥ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವಂಥದ್ದು. ಮೇಣದ ತಾಳೆಯ ಕವಲಿನ ಹೆಸರಾಂತ ಮರಗಳು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದವು. ಉಳಿದ ಮೂರೂ ಹಾಸನ, ಚಿಕ್ಕಮಗಳೂರಿನಲ್ಲೇ ಕಣ್ಣಿಗೆ ಬೀಳುತ್ತವೆ. ಅಡಿಕೆಯ ಕವಲು: ಅಡಿಕೆ, ತೆಂಗು, ಎಣ್ಣೆ ತಾಳೆ, ಮನೆ ಮುಂದಿನ ರಾಯಲ್ ಪಾಮ್. ಶ್ರೀತಾಳೆಯ ಕವಲು: ಈಚಲು, ಖರ್ಜೂರ, ಬಗನಿ, ತಾಟಿನಿಂಗಿನ ತಾಳೆ, ಬೀಸಣಿಗೆ ಎಲೆಯವೆಲ್ಲ. ಮೂರನೆಯದು ಬೆತ್ತದ ಕವಲು.

ಯಾವುದು ಯಾವ ಕವಲು ಅಂತ ತಿಳಿಯಲು ಭೂತಗನ್ನಡಿ ಬೇಡ. ಒಂದು ತೆಂಗಿನ ಸೋಗೆ, ಒಂದು ಈಚಲ ಸೋಗೆ ಹಿಡಿದುಕೊಳ್ಳಿ. ಎಸಳು ನಡುದಿಂಡಿಗೆ ಅಂಟಿರುವ ಜಾಗವನ್ನು ನೋಡಿ. ತೆಂಗಿನ ಎಸಳು ಅಲ್ಲಿ ಹೆಂಚಿನ ಮನೆಯ ಮಾಡಿನ ಥರ ಕೆಳಕ್ಕೆ ಇಳಿಬಿದ್ದಿರುತ್ತದೆ. ಒಂದು ಹನಿ ನೀರು ಬಿಟ್ಟರೆ ಎರಡೂ ಕಡೆ ಜಾರಿ ಹೋಗುತ್ತದೆ. ಈಚಲ ಎಸಳು ದೋಣಿಯ ಥರ ಮೇಲಕ್ಕೆ ಮಡಿಚಿರುತ್ತದೆ, ಹನಿ ಅಲ್ಲೇ ನಿಲ್ಲುತ್ತದೆ. ಅಡಿಕೆ, ಎಣ್ಣೆ ತಾಳೆ ಎಲ್ಲ ಮಾಡಿನವು. ಬಗನಿ, ಖರ್ಜೂರ ದೋಣಿಯವು. ಅಕ್ಕನ ಮಗನಿಗೆ ಇದನ್ನು ತೋರಿಸಿದ ಮೇಲೆ ಸಿಕ್ಕಸಿಕ್ಕ ಗಿಡದ ಮೇಲೆಲ್ಲ ನೀರು ಬಿಡುತ್ತಾ ಓಡಾಡಿದ.

ಒಂದೇ ಸುಳಿಯ ಕಷ್ಟ

ಗಿಡ ಆರಿಸುವ ಮೊದಲು ಮನೆತನದ ಒಂದು ಗುಣ ಗೊತ್ತಿರಬೇಕು. ಮಾವಿನ ಮರದ ತಲೆ ಕಡಿದರೆ ಪಕ್ಕದಿಂದ ಚಿಗುರುತ್ತದೆ. ಅಡಿಕೆ, ತೆಂಗಿಗೆ ಆ ಭಾಗ್ಯವಿಲ್ಲ. ಒಂದು ಕಾಂಡಕ್ಕೆ ಬೆಳೆಯುವ ಜಾಗ ಒಂದೇ, ಸುಳಿ. ಕುರುವಾಯಿ ದುಂಬಿ ಕೊರೆದರೂ ಅಷ್ಟೇ, ಕೆಂಪು ಮೂತಿ ಹುಳು ಹೊಕ್ಕರೂ ಅಷ್ಟೇ, ಸುಳಿ ಕೊಳೆತರೂ ಅಷ್ಟೇ. ಸುಳಿ ಸತ್ತರೆ ಮರ ಸತ್ತಂತೆ. ಬಿಚ್ಚಿದ ಹೊಸ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಓರೆಯಾಗಿ ತುಂಡಾಗಿದ್ದರೆ ದುಂಬಿ ಆಗಲೇ ಬಂದು ಹೋಗಿದೆ ಅಂತ ಲೆಕ್ಕ.

ಇನ್ನೊಂದು, ಇವಕ್ಕೆ ತೊಗಟೆಯ ಕೆಳಗೆ ಹೊಸ ಮರ ಕಟ್ಟುವ ಪದರ ಇಲ್ಲ. ಹಾಗಾಗಿ ಉಂಗುರವೂ ಇಲ್ಲ, ಗಾಯ ಮುಚ್ಚಿಕೊಳ್ಳುವುದೂ ಇಲ್ಲ. ತೆಂಗಿನ ಮರ ಹತ್ತಲು ನಮ್ಮ ಅಜ್ಜನ ಕಾಲದಲ್ಲಿ ಹೊಡೆದ ಕಚ್ಚುಗಳು ಇವತ್ತಿಗೂ ಹಾಗೇ ಇವೆ. ಅಡಿಕೆಯಲ್ಲಿ ಇದು ಬಿಸಿಲಿನ ರೂಪದಲ್ಲಿ ಬರುತ್ತದೆ. ತೆಂಕಣ ಮತ್ತು ಪಡುವಣ ದಿಕ್ಕಿನ ಇಳಿಬಿಸಿಲು ಕಾಂಡಕ್ಕೆ ನೇರ ಬಿದ್ದರೆ ಆ ಮಗ್ಗುಲು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಸೀಳಿದ್ದು ಕೂಡುವುದಿಲ್ಲ. ಮುಂದೊಂದು ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಬಯಲುಸೀಮೆಯಲ್ಲಿ ಅಡಿಕೆ ಹಾಕುವವರು ಆ ಎರಡು ದಿಕ್ಕಿಗೆ ನೆರಳಿನ ಮರ ಮೊದಲು ಬೆಳೆಸದಿದ್ದರೆ ಆಮೇಲೆ ಸುಣ್ಣ ಬಳಿಯುತ್ತಾ ಕೂರಬೇಕು.

ಅಡಿಕೆ, ತೆಂಗು

ನಮ್ಮ ಎರಡು ಜಿಲ್ಲೆಯಲ್ಲಿ ನಿಜವಾದ ಆಯ್ಕೆ ಇವೆರಡರ ನಡುವೆಯೇ. ಎಲ್ಲರೂ ಒಂದು ಮರಕ್ಕೆ ಎಷ್ಟು ನೀರು ಅಂತ ಕೇಳುತ್ತಾರೆ. ಎಕರೆಗೆ ಎಷ್ಟು ಅಂತ ಕೇಳಬೇಕು.

ಅಡಿಕೆಯನ್ನು 9 ಅಡಿಗೆ ಒಂದರಂತೆ ಹಾಕಿದರೆ ಎಕರೆಗೆ 540 ಗಿಡ ಹಿಡಿಯುತ್ತದೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ ಸುಮಾರು 9 ಸಾವಿರದಿಂದ 11 ಸಾವಿರ ಲೀಟರ್. ತೆಂಗು 30 ಅಡಿ ಅಂತರಕ್ಕೆ 48 ಮರ, 25 ಅಡಿಗೆ 70 ಮರ. ಮರಕ್ಕೆ 50 ಲೀಟರ್ ಅಂತ ಹಿಡಿದರೂ ಎಕರೆಗೆ ಎರಡೂವರೆಯಿಂದ ಮೂರೂವರೆ ಸಾವಿರ ಲೀಟರ್. ಮೂರನೇ ಒಂದು ಭಾಗ! ತೆಂಗು ಜಾಸ್ತಿ ಕುಡಿಯುತ್ತದೆ ಅನ್ನುವ ಮಾತು ಮರದ ಲೆಕ್ಕದಲ್ಲಿ ನಿಜ, ಎಕರೆ ಲೆಕ್ಕದಲ್ಲಿ ಉಲ್ಟಾ.

ಬೋರ್ ನಂಬಿಕೊಂಡಿರುವ ಕಡೂರು, ಅರಸೀಕೆರೆ ಕಡೆಯವರಿಗೆ ಈ ಲೆಕ್ಕ ಒಂದೇ ಸಾಕು. ಒಂದು ಬೇಸಿಗೆ ಬೋರ್ ಕೈಕೊಟ್ಟರೆ ತೆಂಗು ಕಾಯಿ ಉದುರಿಸುತ್ತದೆ, ಗರಿ ಜೋತು ಬೀಳುತ್ತದೆ, ಹೇಗೋ ಉಸಿರು ಹಿಡಿಯುತ್ತದೆ. ಅಡಿಕೆ ಅಷ್ಟು ಕಾಯುವುದಿಲ್ಲ. ಟ್ಯಾಂಕರ್ ನೀರು ತರಿಸಿ ಅಡಿಕೆ ಉಳಿಸಿಕೊಂಡವರನ್ನು ನೋಡಿದ್ದೇನೆ. ಹಾಗಂತ ತೆಂಗು ಗಟ್ಟಿಪಿಂಡ ಅಂತ ಉಬ್ಬುವುದೂ ಬೇಡ. ಸತತ ಬರದಲ್ಲಿ ನಮ್ಮದೇ 22 ಮರ ಒಣಗಿ ನಿಂತವು. ಕಡಿಸುವ ದಿನ ನಾನು ತೋಟಕ್ಕೆ ಹೋಗಲಿಲ್ಲ.

ಕೊಪ್ಪ, ಶೃಂಗೇರಿಗೆ ಬನ್ನಿ. ಅಲ್ಲಿ ನೀರಿನ ಪ್ರಶ್ನೆಯೇ ತಲೆಕೆಳಗು. ಅರಸೀಕೆರೆಯಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಶೃಂಗೇರಿ ಕಡೆ 3000 ದಾಟುತ್ತದೆ. ಅಲ್ಲಿ ಅಡಿಕೆಯ ಶತ್ರು ಕೊಳೆ ರೋಗ. ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಜೀವಿ, ಬಿಡದೆ ಮಳೆ ಸುರಿದರೆ ಎಳೆ ಕಾಯಿ ಕೊಳೆತು ಉದುರುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಇದರ ಮೂಲ ಹುಡುಕಿ, ಬೋರ್ಡೋ ಸಿಂಪಡಣೆಯನ್ನು ಮಲೆನಾಡಿಗೆ ಕಲಿಸಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರಲ್ಲೂ ಅವರ ಕೈ ಇದೆ. ನೂರು ವರ್ಷದ ಮೇಲಾಯಿತು, ಇವತ್ತಿಗೂ ಅದೇ ಮದ್ದು. ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ.

ಹೇಳುವುದಕ್ಕೆ ಸುಲಭ. ಎರಡನೇ ಸಲದ ಹೊತ್ತಿಗೆ ಮಳೆ ಬಿಡುವು ಕೊಡಬೇಕಲ್ಲ? ಒಂದು ಆಷಾಢದಲ್ಲಿ ಮಾವನವರ ಮನೆಯಲ್ಲಿ ಮರ ಹತ್ತುವ ಇಬ್ಬರು ಕೊನೆಗಾರರು ಜಗಲಿಯಲ್ಲಿ ಕೂತು ನಾಲ್ಕು ದಿನ ಕಾಫಿ ಕುಡಿದರು. ಡ್ರಮ್ಮಿನಲ್ಲಿ ಕಲಸಿದ್ದ ಮದ್ದು ಅಲ್ಲೇ ಉಳಿಯಿತು. ಬೋರ್ಡೋ ಕಲಸಿದ ದಿನವೇ ಹೊಡೆಯಬೇಕು, ಇಟ್ಟರೆ ಕೆಟ್ಟಿತು. ಐದನೇ ದಿನ ಮರದ ಬುಡದಲ್ಲಿ ಹಸಿರು ಕಾಯಿ ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಮಾವನವರು ಒಂದು ಎತ್ತಿ ಮೂಸಿ ನೋಡಿ, "ಈ ಸಲದ್ದು ಇಷ್ಟೇ ಮಾರಾಯ" ಅಂದರು. ಕೊಳೆಯ ಜೊತೆಗೆ ಹಳದಿ ಎಲೆ ರೋಗ ಇದೆ, ಈಚೆಗೆ ಎಲೆಚುಕ್ಕಿ ಬಂದಿದೆ. ಹಳದಿ ಎಲೆ ರೋಗ ಇರುವ ಊರಿನಲ್ಲಿ ಹೊಸದಾಗಿ ಬರೀ ಅಡಿಕೆ ಹಾಕಬೇಡಿ ಅಂತಲೇ ನನ್ನ ಸಲಹೆ. ಕಾಫಿ, ಮೆಣಸು ಸೇರಿಸಿ ಹಾಕಿ. ಸಕಲೇಶಪುರ, ಮೂಡಿಗೆರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ತರೀಕೆರೆ ಕಡೆ ಭದ್ರಾ ನಾಲೆಯ ನೀರು ಸಿಗುವ ಜಮೀನಿದ್ದರೆ ಅಡಿಕೆ ಹಾಕಿ, ಆದರೆ ನೀರು ಬಸಿಯುವ ಕಾಲುವೆ ಮೊದಲು ತೆಗೆಸಿ. ಬೇರು ನೀರಿನಲ್ಲಿ ನಿಂತರೆ ಅಣಬೆ ರೋಗ ಕಾದಿರುತ್ತದೆ. ಅಡಿಕೆ ಜಗಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ ಅನ್ನುವುದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ಇವತ್ತು ಹಾಕಿದ ಗಿಡ ಮುಂದಿನ 40 ವರ್ಷ ನಿಲ್ಲುವಂಥದ್ದು.

ತೆಂಗಿನಲ್ಲೇ ಮತ್ತೆ ಎರಡು ದಾರಿ. ಕೋಕೋಸ್ ಅನ್ನುವ ಜಾತಿಯಲ್ಲಿ ಇರುವುದು ಒಂದೇ ಪ್ರಭೇದ, ಕೋಕೋಸ್ ನ್ಯೂಸಿಫೆರಾ. ಎತ್ತರದ್ದೂ ಗಿಡ್ಡದ್ದೂ ಅದೇ. ಎತ್ತರದ್ದು ಫಸಲಿಗೆ ಬರಲು ಆರರಿಂದ ಎಂಟು ವರ್ಷ, ಗಿಡ್ಡ ತಳಿ ಮೂರು ನಾಲ್ಕು ವರ್ಷ. ಇಷ್ಟು ಕೇಳಿದ ಕೂಡಲೇ ಎಲ್ಲರೂ ಗಿಡ್ಡದ ಕಡೆ ಓಡುತ್ತಾರೆ. ನಿಲ್ಲಿ. ಗಿಡ್ಡ ತಳಿ ಎಳನೀರಿಗೆ ಚೆನ್ನ. ಅದರ ಕೊಬ್ಬರಿ ಮೆತ್ತಗೆ, ಚರ್ಮದ ಥರ. ನಮ್ಮ ಕಡೆ ಹಣ ಇರುವುದು ಉಂಡೆ ಕೊಬ್ಬರಿಯಲ್ಲಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಮೊದಲು ಗುಳುಗುಳು, ಆಮೇಲೆ ಸದ್ದೇ ಇಲ್ಲ, ಕೊನೆಗೆ ಒಣ ಉಂಡೆ ಚಿಪ್ಪಿನೊಳಗೆ ಉರುಳುವ ಗಡಗಡ. ಆಗ ಸುಲಿಯಬೇಕು. ಇದಕ್ಕೆ ತಿಪಟೂರು ಎತ್ತರದ ತಳಿಯೇ ಸರಿ. ಅದರಿಂದಲೇ ಆರಿಸಿದ 'ಕಲ್ಪತರು' ತಳಿಯೂ ಇದೆ. ಎಳನೀರು ಒಯ್ಯುವ ಗಾಡಿ ಮನೆ ಬಾಗಿಲಿಗೆ ಬರುವ ಜಾಗವಾದರೆ ಮಾತ್ರ ಗಿಡ್ಡ ಅಥವಾ ಹೈಬ್ರಿಡ್ ನೋಡಿ.

ನುಸಿ ಪೀಡೆಯನ್ನು ಮರೆಯುವ ಹಾಗಿಲ್ಲ. ಭಾರತದಲ್ಲಿ ಅದು ಮೊದಲು ಕಂಡದ್ದು 1998ರಲ್ಲಿ, ಕೇರಳದಲ್ಲಿ. ನಮ್ಮಲ್ಲಿಗೆ ಬರಲು ತಡವಾಗಲಿಲ್ಲ. ಕಾಯಿಯ ತೊಟ್ಟಿನಿಂದ ಕಂದು ಬಣ್ಣದ ಒರಟು ಪಟ್ಟೆ ಇಳಿದು ಬಂದಿದ್ದರೆ ಅದೇ.

ಎಣ್ಣೆ ತಾಳೆ

ಹೆಸರಿನಲ್ಲಿ ತಾಳೆ ಇದ್ದರೂ ಇದು ತಾಟಿನಿಂಗಿನ ತಾಳೆಯ ನೆಂಟನಲ್ಲ, ತೆಂಗಿನ ನೆಂಟ. ಬೀಜದ ಚಿಪ್ಪನ್ನು ನೋಡಿದರೆ ತೆಂಗಿನ ಹಾಗೆ ಮೂರು ಕಣ್ಣು. ಪಶ್ಚಿಮ ಆಫ್ರಿಕಾದ್ದು. 2021ರಲ್ಲಿ ಕೇಂದ್ರ ಸರ್ಕಾರದ ಹೊಸ ಯೋಜನೆ ಬಂದ ಮೇಲೆ ಸಹಾಯಧನದ ಮಾತು ಜೋರಾಗಿದೆ. ಎಕರೆಗೆ 57 ಗಿಡ, ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 200 ಲೀಟರ್ ಅಂದರೂ 11 ಸಾವಿರ ಮೀರಿತು. ಕೊಯ್ದ ಗೊನೆ 24 ಗಂಟೆಯೊಳಗೆ ಗಿರಣಿ ಸೇರಬೇಕು, ಇಲ್ಲವಾದರೆ ಎಣ್ಣೆ ಹುಳಿಯುತ್ತದೆ. ಗಿರಣಿ ಹತ್ತಿರ ಇಲ್ಲದವರು ಇದನ್ನು ಹಾಕಬಾರದು. ಇದರ ಬಗ್ಗೆ ನನ್ನದು ಇಷ್ಟೇ.

ಬದುವಿನ ಮೇಲೆ

ಶ್ರೀತಾಳೆಯ ಕವಲಿನವು ತೋಟದ ಬೆಳೆಗಳಲ್ಲ, ಬದುವಿನ ಮರಗಳು. ಆದರೆ ಇವುಗಳ ಬಾಳಿನ ರೀತಿ ಗೊತ್ತಿಲ್ಲದೆ ಹಾಕಿದರೆ ಮೋಸ ಹೋಗುತ್ತೀರಿ.

ತಾಳೆ ಮತ್ತು ಈಚಲಿನಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಅಡಿಕೆ, ತೆಂಗಿನ ಥರ ಒಂದೇ ಹೊಂಬಾಳೆಯಲ್ಲಿ ಎರಡೂ ಹೂ ಇರುವುದಿಲ್ಲ. ತಾಟಿನಿಂಗು ತಿನ್ನುವ ಆಸೆಗೆ ನಾಲ್ಕು ತಾಳೆ ಬೀಜ ಊರಿದರೆ ಹೂ ಬರುವ ತನಕ, ಅಂದರೆ ಹತ್ತು ಹದಿನೈದು ವರ್ಷ, ಯಾವುದು ಏನು ಅಂತ ತಿಳಿಯುವುದಿಲ್ಲ. ನಾಲ್ಕೂ ಗಂಡಾದರೆ ಬರೀ ಗಾಳಿ. ಈಚಲನ್ನು ಯಾರೂ ನೆಡುವುದಿಲ್ಲ, ಕೆರೆ ಅಂಗಳದಲ್ಲಿ ತಾನಾಗಿ ಬರುತ್ತದೆ. ಬಂದದ್ದನ್ನು ಉಳಿಸಿಕೊಳ್ಳಿ. ಚಾಪೆಗೆ, ಪೊರಕೆಗೆ ಆಗುತ್ತದೆ. ಬುಡದ ಎಸಳುಗಳು ಮುಳ್ಳಾಗಿರುತ್ತವೆ, ಬೇಲಿಗೂ ಆಯಿತು. ಅದರ ಅಣ್ಣ ಖರ್ಜೂರವನ್ನು ಈಚೆಗೆ ಕೆಲವರು ಹಾಕುತ್ತಿದ್ದಾರೆ. ಹಣ್ಣಾಗುವ ಹೊತ್ತಿಗೆ ಮಳೆ ಬಿದ್ದರೆ ಗೊನೆ ಹುಳಿತು ಹೋಗುತ್ತದೆ. ಬಾಣಾವರದಲ್ಲೂ ಇದು ಜೂಜು.

ಬಗನಿ ನನಗೆ ಇಷ್ಟದ ಮರ. ಬೈನೆ ಅಂತಲೂ ಕರೆಯುತ್ತಾರೆ. ಇಡೀ ಮನೆತನದಲ್ಲಿ ಎಲೆ ಎರಡು ಸಲ ಕವಲೊಡೆಯುವುದು ಇದರ ಜಾತಿಯಲ್ಲಿ ಮಾತ್ರ, ಎಸಳಿನ ತುದಿ ಮೀನಿನ ಬಾಲದ ಹಾಗೆ. ಬೆಳೆದು ನಿಲ್ಲುವ ತನಕ ಹೂ ಬಿಡುವುದೇ ಇಲ್ಲ. ಆಮೇಲೆ ಮೊದಲ ಹೂಗೊಂಚಲು ತಲೆಯ ಹತ್ತಿರ, ಮುಂದಿನದು ಅದರ ಕೆಳಗೆ, ಹೀಗೆ ಕೆಲವು ವರ್ಷ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಬಂದು, ಕೊನೆಯ ಗೊಂಚಲು ಮುಗಿದ ಮೇಲೆ ಮರ ಸಾಯುತ್ತದೆ. ಹಣ್ಣು ಮುಟ್ಟಬೇಡಿ, ಸೂಜಿಯಂಥ ಹರಳುಗಳಿಂದ ಕೈಯೆಲ್ಲ ತುರಿಕೆ. ಮತ್ತೆ, ಆಲೂರು, ಸಕಲೇಶಪುರದವರು ಮನೆ ಹತ್ತಿರ ಇದನ್ನು ನೆಡಲೇಬೇಡಿ. ಆನೆಗೆ ಬಗನಿ ಅಂದರೆ ಪ್ರಾಣ. ಕೇರಳದಲ್ಲಿ ಸಾಕಿದ ಆನೆಗಳಿಗೆ ಹಾಕುವ ಸೊಪ್ಪು ಹೆಚ್ಚಾಗಿ ಇದರದ್ದೇ. ಆನೆ ಮೊದಲೇ ಬರುವ ಊರಿನಲ್ಲಿ ಬಾಗಿಲಿಗೆ ತಾಂಬೂಲ ಇಟ್ಟು ಕರೆದ ಹಾಗಾಗುತ್ತದೆ.

ಶ್ರೀತಾಳೆಯದು ಇನ್ನೂ ಒಂದು ಕೈ ಮೇಲು. 30ರಿಂದ 80 ವರ್ಷದ ನಡುವೆ ಒಂದೇ ಸಲ ಹೂ, ತಲೆಯ ಮೇಲೆ ತೇರಿನ ಹಾಗೆ. ಕಾಯಿ ಬಲಿತು ಉದುರುತ್ತಿದ್ದಂತೆ ಮರವೂ ಮುಗಿಯುತ್ತದೆ. ಶ್ರವಣಬೆಳಗೊಳದ ಮಠದಲ್ಲಿರುವಂಥ ಹಳೆಯ ಓಲೆಗರಿಗಳಿಗೆ ಬೇಕಾಗುತ್ತಿದ್ದ ಅಗಲದ, ಮೆತ್ತನೆಯ ಎಲೆ ಸಿಗುತ್ತಿದ್ದದ್ದು ಇಂಥ ಮರಗಳಿಂದ. ಮೊಮ್ಮಕ್ಕಳಿಗೆ ಅಂತ ಒಂದು ನೆಡುವುದಾದರೆ ನೆಡಿ. ನಾನು ಒಂದು ನೆಟ್ಟಿದ್ದೇನೆ.

ಬೆತ್ತವೂ ಇದೇ ಮನೆತನದ್ದು ಅಂದರೆ ಜನ ನಂಬುವುದಿಲ್ಲ. ಮೇಷ್ಟ್ರ ಕೈಯಲ್ಲಿ ಇದ್ದದ್ದು ತೆಂಗಿನ ತಂಗಿ! ಹಾವಿನ ಪೊರೆಯಂಥ ಹಣ್ಣಿನ ಸಿಪ್ಪೆ, ಬಳ್ಳಿ ಹಬ್ಬಲು ಕೊಕ್ಕೆ ಮುಳ್ಳು. ಮಲೆನಾಡಿನಲ್ಲಿ ಹಳ್ಳದ ಬದಿ ನೆರಳಿದ್ದರೆ ಹಾಕಬಹುದು, ತೋಟದೊಳಗೆ ಬಿಟ್ಟುಕೊಳ್ಳಬೇಡಿ.

ಮನೆ ಮುಂದೆ

ಅಂದಕ್ಕೆ ಹಾಕುವವರಿಗೆ ಒಂದೇ ಪ್ರಶ್ನೆ: ಸೋಗೆ ಎಲ್ಲಿ ಬೀಳುತ್ತದೆ? ರಾಯಲ್ ಪಾಮ್ ಕ್ಯೂಬಾ ಕಡೆಯದು, ಅಡಿಕೆಯ ಥರ ಹಸಿರು ಹಾಳೆಯ ಕೊಳವೆ ಇರುತ್ತದೆ, ಆದರೆ ಹಾಳೆಯ ತೂಕ ಹಲವು ಪಟ್ಟು. ಕೆಳಗೆ ಕಾರು ನಿಲ್ಲಿಸುವ ಜಾಗವಿದ್ದರೆ ಬೇಡ. ಆಸ್ಟ್ರೇಲಿಯಾದ ಫಾಕ್ಸ್‌ಟೇಲ್ ಸ್ವಲ್ಪ ಹಗುರ, ಚಿಕ್ಕ ಅಂಗಳಕ್ಕೆ ಅದೇ ವಾಸಿ. ಇವುಗಳ ಬೇರು ಎಲ್ಲ ಒಂದೇ ದಪ್ಪದ ದಾರದ ಗೊಂಚಲು, ಆಲ, ಅರಳಿಯ ಹಾಗೆ ಪಾಯ ಎತ್ತುವುದಿಲ್ಲ.

ನರ್ಸರಿಯಲ್ಲಿ ಪಾಮ್ ಅಂತ ಬೋರ್ಡ್ ಇದ್ದದ್ದೆಲ್ಲ ಪಾಮ್ ಅಲ್ಲ. 'ಸೇಗೊ ಪಾಮ್' ಸೈಕಸ್, ಹೂವೇ ಬಿಡದ ಪುರಾತನ ಗುಂಪಿನದು. ಅದರ ಬೀಜ ವಿಷ, ನಾಯಿ ಸಾಕಿದವರು ಹುಷಾರು. 'ಟ್ರಾವೆಲರ್ಸ್ ಪಾಮ್' ಬಾಳೆಯ ಕಡೆಯದು. ನಮ್ಮ ಕೇದಗೆಯೂ ಬೇರೆ ಮನೆತನ.

ಅಕ್ಕನ ಮಗ ಕೊನೆಗೆ ಒಂದೂಮುಕ್ಕಾಲು ಎಕರೆಗೆ ಎತ್ತರದ ತೆಂಗು ಹಾಕಿದ, 28 ಅಡಿಗೆ ಒಂದು. ಬಚ್ಚಲ ನೀರು ಹೋಗುವ ಕಡೆ 20 ಅಡಿಕೆ, ಅದು ಅಕ್ಕನ ಹಟ. ಆ 30 ಮಡಗಾಸ್ಕರ್ ಗಿಡಗಳನ್ನು ರಸ್ತೆ ಕಡೆ ಸಾಲಾಗಿ ನೆಟ್ಟಿದ್ದಾನೆ, ಧೂಳಿಗೆ ಒಳ್ಳೆಯ ಮರೆ. ಈ ಸಲ ಗಣಪತಿ ಮಂಟಪಕ್ಕೆ ಗರಿ ಅಲ್ಲಿಂದಲೇ ಬಂತು. ದಾರಿಯಲ್ಲಿ ಹೋಗುವ ಒಬ್ಬರು ನಿಂತು, "ಇದು ಯಾವ ತಳಿ ಅಡಿಕೆ ಕಣಮ್ಮ, ಎಷ್ಟು ವರ್ಷಕ್ಕೆ ಕಾಯಿ?" ಅಂತ ಕೇಳಿದರಂತೆ. ಅಕ್ಕ ಮಗನ ಕಡೆ ಕೈ ತೋರಿಸಿ, "ಅವನನ್ನೇ ಕೇಳಿ" ಅಂದಳಂತೆ.